ನೀರು ಕೇಳುತ್ತಾ ಹೋದ ಕಾರು

1998ನೇ ಇಸವಿ ಮಾರ್ಚ್ 9, ಸೋಮವಾರ, ಬೆಳಿಗ್ಗೆ ಏಳೂಕಾಲು ಗಂಟೆ. ಹೊಸಕೊಪ್ಪಲಿನ ಚನ್ನಾಜಮ್ಮ ತಿ. ನರಸೀಪುರ ಠಾಣೆಗೆ ಬಂದು ದೂರು ಕೊಟ್ಟರು. ಅವರ ಮಗ ನಂಜೇಶ್ ನಂಜನಗೂಡಿನಲ್ಲಿ ಹಳೆಯ ಕಾರುಗಳನ್ನು ಮಾರುತ್ತಿದ್ದವನು. ಭಾನುವಾರ ಸಂಜೆ ಮನೆಗೆ ಬರಬೇಕಾದವನು ಬಂದಿರಲಿಲ್ಲ. ಬೆಳಿಗ್ಗೆ ನೋಡಿದರೆ ಊರಿಗೆ ತುಸು ಮುಂಚೆ, ನಂಜನಗೂಡು ರಸ್ತೆಯ ಚರಂಡಿಯಲ್ಲಿ ತಲೆ ಒಡೆದು ಬಿದ್ದಿದ್ದ. ಹೆಡ್ ಕಾನ್‌ಸ್ಟೆಬಲ್ ಶಿವಮಲ್ಲಪ್ಪ ದೂರು ಬರೆದುಕೊಂಡು ಕೊಲೆ ಪ್ರಕರಣವೆಂದು ಎಫ್‌ಐಆರ್ ದಾಖಲಿಸಿದ. ಹೆಬ್ಬೆಟ್ಟು ಒತ್ತಿದ ಮೇಲೆ ಚನ್ನಾಜಮ್ಮ ಒಂದು ಹೆಸರು ಹೇಳಿದರು. ಮಂಟೇಸ್ವಾಮಿ.

ಇನ್ಸ್‌ಪೆಕ್ಟರ್ ಗಂಗಾಧರಸ್ವಾಮಿ ತಲೆ ಎತ್ತಿದ. "ಅವನು ಹೊಡೆದದ್ದನ್ನ ನೋಡಿದೋರು ಯಾರಮ್ಮ?"

"ನೋಡ್ದೋರಿಲ್ಲ ಸಾಮಿ. ಎಣದ ಪಕ್ದಲ್ಲಿ ಅರಿಶ್ಣ ಚೆಲ್ಲದೆ. ನಮ್ಮೂರಲ್ಲಿ ಮಾಟ ಮಾಡೋನು ಅವ್ನೊಬ್ನೇ."

ಮಂಟೇಸ್ವಾಮಿ ತಾಯಿತ ಕಟ್ಟಿಕೊಂಡು, ಮಕ್ಕಳಿಗೆ ದೃಷ್ಟಿ ತೆಗೆದುಕೊಂಡು ಬದುಕುತ್ತಿದ್ದ ಬಡಪಾಯಿ. ಹಿಂದಿನ ವಾರ ಬೇಲಿಯ ವಿಷಯಕ್ಕೆ ನಂಜೇಶನೊಂದಿಗೆ ಜಗಳವಾಗಿ, ನೀನು ನೆಟ್ಟಗೆ ಸಾಯಲ್ಲ ಎಂದು ಊರೆದುರು ಶಾಪ ಹಾಕಿದ್ದನಂತೆ. ಗಂಗಾಧರಸ್ವಾಮಿ ತಡಮಾಡದೆ ಟೋಪಿ ಎತ್ತಿಕೊಂಡ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನು ಹೆಣಗಳಿಗೆ ಹೊಂದಿಕೊಂಡಿದ್ದ, ಗುಂಪಿಗೆ ಮಾತ್ರ ಇನ್ನೂ ಹೆದರುತ್ತಿದ್ದ. ಸಿಬ್ಬಂದಿಯನ್ನು ತುಂಬಿಕೊಂಡು ಜೀಪು ಹೊರಟಿತು.

ಸ್ಥಳ ತಲುಪಿದಾಗ ಎಂಟೂವರೆ. ನಂಜೇಶನ ತಲೆಯ ಎಡಭಾಗ ಒಳಕ್ಕೆ ಕುಸಿದಿತ್ತು. ದವಡೆ ಮುರಿದು ಹಲ್ಲುಗಳು ಅಂಗಿಯ ಮೇಲೆ ಬಿದ್ದಿದ್ದವು. ಒಂದೇಟಿಗೆ ಸತ್ತವನ ಮುಖ ಅದಲ್ಲ. ಸತ್ತ ಮೇಲೂ ಹೊಡೆದವನ ಕೈ ನಿಂತಿರಲಿಲ್ಲ. ಜೇಬಿನ ಪರ್ಸು ಜೇಬಿನಲ್ಲೇ ಇತ್ತು. ಪಂಚರನ್ನು ಕರೆದು ಶವ ಪಂಚನಾಮೆ ಶುರು ಮಾಡುವಷ್ಟರಲ್ಲಿ ಊರ ಕಡೆಯಿಂದ ಕೂಗಾಟ ಕೇಳಿಸಿತು.

ಮಂಟೇಸ್ವಾಮಿಯನ್ನು ಅಷ್ಟರಲ್ಲಾಗಲೇ ಮನೆಯಿಂದ ಎಳೆದು ತಂದಿದ್ದರು. ಬೇಲಿ ಗೂಟ, ಸೈಕಲ್ ಚೈನು, ನೊಗದ ಹಗ್ಗ, ಕೈಗೆ ಸಿಕ್ಕಿದ್ದೆಲ್ಲ ಅವನ ಮೈಮೇಲೆ ಬೀಳುತ್ತಿತ್ತು. ಒಬ್ಬ ಅವನ ಬಲಗೈಯನ್ನು ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಜಜ್ಜುತ್ತಿದ್ದ, ಅರಿಶಿನ ಹಿಡಿದ ಕೈ ಅದಂತೆ. ಗಂಗಾಧರಸ್ವಾಮಿ ಲಾಠಿ ಬೀಸುತ್ತ ನುಗ್ಗಿದ. ಭುಜಕ್ಕೆ ಏಟು ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ. ಕೊನೆಗೆ ರಕ್ತದ ಮುದ್ದೆಯಂತಾಗಿದ್ದ ಮನುಷ್ಯನನ್ನು ಹೊರಗೆಳೆದಾಗ ಉಸಿರು ಇನ್ನೂ ಆಡುತ್ತಿತ್ತು. ರಸ್ತೆಯಲ್ಲಿ ಬಂದ ಹಾಲಿನ ವ್ಯಾನನ್ನು ಅಡ್ಡಗಟ್ಟಿ, ಕ್ಯಾನುಗಳನ್ನು ಕೆಳಗಿಳಿಸಿ, ಒಬ್ಬ ಕಾನ್‌ಸ್ಟೆಬಲ್ ಜೊತೆ ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಿದ.

"ಅವ್ನ್ ಓದ್ರೇನಾಯ್ತು? ಎಂಡ್ರು ಮಕ್ಳು ಇಲ್ಲೇ ಅವ್ರಲ್ಲ ಸಾ," ಎಂದ ನಂಜೇಶನ ಚಿಕ್ಕಪ್ಪ ಮಾದಯ್ಯ. ಅವನ ಧ್ವನಿ ಏರಿರಲಿಲ್ಲ. "ಸಾಯಂಕಾಲ ನಮ್ ಐದ ನಂಜೇಶನ ಎಣ ಆಸ್ಪತ್ರೇಲಿ ಕುಯ್ಸ್‌ಕೊಂಡು ಬತ್ತದಲ್ಲ, ಅದ್ಕೂ ಮುಂಚೆ ಆ ಮನೇಲಿ ಬೆಂಕಿ ಉರಿತದೆ."

ಇದು ಬರೀ ಬೆದರಿಕೆಯಲ್ಲ ಎಂಬುದು ಗಂಗಾಧರಸ್ವಾಮಿಗೆ ಗೊತ್ತಿತ್ತು. ಆ ಮನೆ ಕಾಯಲು ಅವನ ಬಳಿ ಇದ್ದವರು ಇಬ್ಬರೇ ಪೇದೆಗಳು. ಜಿಲ್ಲಾ ಮೀಸಲು ಪಡೆಯನ್ನು ಕೇಳಿದರೆ ಕತ್ತಲಾಗುವ ಮುಂಚೆ ಬರುವುದಿಲ್ಲ ಎಂದು ವೈರ್‌ಲೆಸ್ ಹೇಳಿತು. ಹೆಣ ವಾಪಸು ಬರುವ ಮುನ್ನ ಕೊಂದವನನ್ನು ಹಿಡಿಯದಿದ್ದರೆ ಒಂದು ಹೆಂಗಸು, ಎರಡು ಮಕ್ಕಳು ಬೂದಿಯಾಗುವುದು ಖಂಡಿತ.

ಅವನು ಮತ್ತೆ ಹೆಣದ ಬಳಿ ಬಂದು ಆ ಅರಿಶಿನದ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಮಾಟ ಎಂದರೆ ನಿಂಬೆಹಣ್ಣು ಬೇಕು, ಕುಂಕುಮ ಬೇಕು, ತೆಂಗಿನಕಾಯಿ ಬೇಕು. ಇಲ್ಲಿ ಅದ್ಯಾವುದೂ ಇಲ್ಲ. ಹಳದಿ ನೀರು ಒಂದೇ ಕಡೆಯಿಂದ ಚಿಮ್ಮಿ ಬಿದ್ದು ಒಣಗಿತ್ತು. ಬೆರಳಿಗೆ ತಾಗಿಸಿದರೆ ತುಕ್ಕಿನ ಚೂರು ಹತ್ತಿತು, ಮೂಸಿದರೆ ಅರಿಶಿನದ ಜೊತೆ ಸುಟ್ಟ ಕಬ್ಬಿಣದ ವಾಸನೆ. ಗಂಗಾಧರಸ್ವಾಮಿ ತನ್ನ ಜೀಪಿನ ಕಡೆ ನೋಡಿದ. ರೇಡಿಯೇಟರ್ ಸೋರಿದಾಗಲೆಲ್ಲ ಅದಕ್ಕೂ ಇದೇ ಔಷಧಿ. ಒಂದು ಹಿಡಿ ಅರಿಶಿನಪುಡಿ ಸುರಿದರೆ ತೂತಿಗೆ ಮೆತ್ತಿಕೊಂಡು ನಾಲ್ಕು ದಿನ ಮರ್ಯಾದೆಯಾಗಿ ಓಡುತ್ತದೆ, ಐದನೆಯ ದಿನ ಮತ್ತೆ ಕುದಿಯುತ್ತದೆ. ಇಲ್ಲಿ ಯಾವುದೋ ಗಾಡಿ ಕುದಿದು ನಿಂತಿತ್ತು, ಮುಚ್ಚಳ ತೆಗೆದವನ ಮೇಲೆ ನೀರು ಚಿಮ್ಮಿತ್ತು.

ಮಾದಯ್ಯನಿಗೆ ಹೇಳಿದರೆ ಅವನು ನಂಬಲಿಲ್ಲ. ಕಾರಿಗೆ ಅರಿಶಿನ ಹಚ್ಚುವುದು ಆಯುಧಪೂಜೆಯ ದಿನ ಮಾತ್ರ ಎಂದ. ವಾದ ಮಾಡುತ್ತ ನಿಲ್ಲಲು ಹೊತ್ತಿರಲಿಲ್ಲ. ಪೇದೆಗಳಿಬ್ಬರನ್ನು ಮಂಟೇಸ್ವಾಮಿಯ ಮನೆಗೆ ಕಾವಲಿಟ್ಟು, ಹೆಣವನ್ನು ಆಸ್ಪತ್ರೆಗೆ ಕಳಿಸಿ, ಗಂಗಾಧರಸ್ವಾಮಿ ಶಿವಮಲ್ಲಪ್ಪನೊಂದಿಗೆ ಜೀಪು ಹತ್ತಿದ.

ಹಳದಿ ಹನಿಗಳು ನರಸೀಪುರದ ಕಡೆಗೆ ಹೋಗಿದ್ದವು. ಸ್ವಲ್ಪ ದೂರದಲ್ಲಿ ಅವೂ ಕಾಣದಾದವು. ಶಿವಮಲ್ಲಪ್ಪ ಪೆಚ್ಚುಮೋರೆ ಹಾಕಿದ. ನಂಜೇಶ್ ಯಾರಿಗೆ ಯಾವ ಗಾಡಿ ಮಾರಿದ ಎಂದು ಬರೆದಿಡುವ ಜಾತಿಯವನೇ ಅಲ್ಲ. ಆದರೆ ಸೋರುವ ಕಾರು ನೀರು ಕೇಳದೆ ಹೋಗುವುದಿಲ್ಲ ಎಂಬುದು ಇನ್ಸ್‌ಪೆಕ್ಟರಿಗೆ ಅನುಭವದಿಂದ ಗೊತ್ತಿತ್ತು. ದಾರಿಯುದ್ದಕ್ಕೂ ಬೋರ್‌ವೆಲ್, ಪಂಪ್‌ಸೆಟ್, ಟೀ ಅಂಗಡಿ ಒಂದನ್ನೂ ಬಿಡದೆ ಇಳಿದು ವಿಚಾರಿಸಿದರು.

ಹನ್ನೊಂದು ಗಂಟೆಗೆ ರಸ್ತೆ ಬದಿಯ ಬೋರ್‌ವೆಲ್ ಬಳಿ ಮರಿತಾಯಮ್ಮ ಎಂಬ ಹೆಂಗಸು ಬಾಯಿ ಬಿಟ್ಟಳು. ಭಾನುವಾರ ದೀಪ ಹಚ್ಚುವ ಹೊತ್ತಿಗೆ ಬೂದಿ ಬಣ್ಣದ ಕಾರೊಂದು ಹೊಗೆಯಾಡುತ್ತ ಬಂದು ನಿಂತಿತ್ತು.

"ಒಬ್ರೇ ಇದ್ರು ಸಾ, ವಯಸ್ಸಾದೋರು. ಎಲ್ಡ್ ಬಿಂದ್ಗೆ ಉಯ್ಕೊಂಡ್ರು. ತೋಳೆಲ್ಲ ರಕ್ತ. ಏನಾಯ್ತಣ್ಣ ಅಂದೆ. ಇಂಜಿನ್ ಬೆಲ್ಟು ಕುಯ್ತು ಅಂದ್ರು."

"ಎತ್ತಗೆ ಹೋದ್ರು?"

"ಒಳೆ ಕಡೀಕೆ."

ಸೇತುವೆಗೆ ಮುಂಚಿನ ಟೀ ಅಂಗಡಿಯವನು ಆ ಕಾರನ್ನು ನೋಡಿದ ಕೂಡಲೇ ಗುರುತು ಹಿಡಿದಿದ್ದನಂತೆ. ಸೋಮನಾಥಪುರದ ಹಾಲಿನ ಡೇರಿಯ ಬೋರಯ್ಯನವರ ಕಾರು. ಹೋದ ತಿಂಗಳು ಸೇತುವೆಯ ಆಚೆ ತುದಿಯಲ್ಲಿ ಅದೇ ಕಾರು ಕೆಟ್ಟು ನಿಂತಿತ್ತು, ಅವರ ಮಗಳು ಅಲ್ಲೇ ತೀರಿಕೊಂಡಳು ಎಂದು ಹೇಳಿ ಅವನು ಗ್ಲಾಸು ತೊಳೆಯತೊಡಗಿದ.

ಮಧ್ಯಾಹ್ನ ಒಂದು ಗಂಟೆಗೆ ಜೀಪು ಸೋಮನಾಥಪುರದಲ್ಲಿ ಬೋರಯ್ಯನ ಮನೆ ಮುಂದೆ ನಿಂತಿತು. ಅಂಗಳದಲ್ಲಿ ಬಾನೆಟ್ ತೆರೆದುಕೊಂಡ ಕಾರು, ಅದರ ಕೆಳಗೆ ಹಳದಿ ಮಡು. ಹೆಂಡತಿ ಸಾಕಮ್ಮ ಬಾಗಿಲಲ್ಲಿ ನಿಂತವಳು ಒಳಕ್ಕೂ ಹೋಗಲಿಲ್ಲ, ಹೊರಕ್ಕೂ ಬರಲಿಲ್ಲ. ಜಗಲಿಯ ಮೇಲೆ ಕೂತಿದ್ದ ಬೋರಯ್ಯನ ಬಲಗೈ ಸುಟ್ಟು ಬೊಬ್ಬೆ ಎದ್ದಿತ್ತು.

"ನಿನ್ನೆ ಸಂಜೆ ಎಲ್ಲಿದ್ರಿ ಬೋರಯ್ಯನವರೇ?"

"ಇಲ್ಲೇ ಇದ್ದೆ ಸಾ."

"ನಂಜೇಶನ ಕೊಲೆ ಆಗಿದೆ."

"ಕೇಳ್ದೆ."

"ಮಂಟೇಸ್ವಾಮಿ ಅನ್ನೋನು ಮಾಟ ಮಾಡಿ ಕೊಂದ ಅಂತ ಊರೋರು ಹಿಡಿದು ಬಡಿದಿದ್ದಾರೆ. ಕೈ ಜಜ್ಜಿಹಾಕಿದ್ದಾರೆ, ಉಳಿಯೋದು ಕಷ್ಟ. ಸಾಯಂಕಾಲ ಅವನ ಹೆಂಡ್ತಿ ಮಕ್ಕಳ ಸಮೇತ ಮನೆ ಸುಡ್ತಾರಂತೆ. ನೆಲದ ಮೇಲೆ ಅರಿಶಿನ ಬಿದ್ದಿತ್ತು ಅನ್ನೋದೊಂದೇ ಸಾಕ್ಷಿ."

ಬೋರಯ್ಯ ಎದ್ದುಹೋಗಿ ಕಾರಿನ ಹಿಂದಿನಿಂದ ಚಕ್ರ ಬಿಚ್ಚುವ ವೀಲ್ ಸ್ಪ್ಯಾನರ್ ತಂದು ಇನ್ಸ್‌ಪೆಕ್ಟರ ಕಾಲ ಬಳಿ ಇಟ್ಟ. ತೊಳೆದಿದ್ದರೂ ಸಂದಿಯಲ್ಲಿ ಕೂದಲು ಉಳಿದಿತ್ತು.

"ಅವ್ನಲ್ಲ ಸಾ, ನಾನು. ಬಿರ್ರನೆ ಓಗಿ ಅವ್ರ್ಗೆ ಯೋಳಿ."

ಪಂಚರ ಸಮಕ್ಷಮ ಕಾರು, ಸ್ಪ್ಯಾನರ್, ನೆನೆಹಾಕಿದ್ದ ಅಂಗಿಯನ್ನು ಜಪ್ತಿ ಮಾಡಿ, ಎರಡು ಗಂಟೆಗೆ ಬೋರಯ್ಯನನ್ನು ದಸ್ತಗಿರಿ ಮಾಡಲಾಯಿತು. ಶಿವಮಲ್ಲಪ್ಪ ಹೆಣಕ್ಕಿಂತ ಮುಂಚೆ ಹೊಸಕೊಪ್ಪಲು ಸೇರಿ ಊರವರಿಗೆ ವಿಷಯ ತಿಳಿಸಿದ. ತಂದಿಟ್ಟಿದ್ದ ಸೀಮೆಎಣ್ಣೆ ಡಬ್ಬಗಳು ಒಂದೊಂದಾಗಿ ಮನೆಗಳೊಳಗೆ ಮರೆಯಾದವು. ಮಂಟೇಸ್ವಾಮಿಯ ಹೆಂಡತಿಯ ಮುಂದೆ ಹೋಗಿ ತಪ್ಪಾಯಿತು ಎಂದವರು ಮಾತ್ರ ಒಬ್ಬರೂ ಇಲ್ಲ. ಅವನ ಕೈ ಜಜ್ಜಿದವರ ಮೇಲೆ ಇನ್ನೊಂದು ಎಫ್‌ಐಆರ್ ಆಯಿತು, ಮೊದಲ ಹೆಸರು ಮಾದಯ್ಯನದು.

ಠಾಣೆಯಲ್ಲಿ ಬೋರಯ್ಯ ನಡೆದದ್ದನ್ನೆಲ್ಲ ಒಂದೇ ಸಮನೆ ಹೇಳಿದ. ಬಸುರಿ ಮಗಳು ಮಧುಶ್ರೀ ಬಸ್ಸಿನಲ್ಲಿ ಕುಲುಕಾಡಬಾರದು ಎಂದೇ ನಂಜೇಶನಿಂದ ಆ ಕಾರು ಕೊಂಡದ್ದು. ಹೆರಿಗೆ ನೋವೆದ್ದ ಅವಳನ್ನು ಆಸ್ಪತ್ರೆಗೆ ಒಯ್ಯುವಾಗಲೇ ಅದು ಸೇತುವೆಯ ಬಳಿ ಕೆಟ್ಟು ನಿಂತಿತ್ತು. ಅವಳು ಸತ್ತ ಮೇಲೆ ಕಾರನ್ನು ಕಣ್ಣೆದುರು ಇಟ್ಟುಕೊಳ್ಳಲಾರದೆ, ವಾಪಸು ಕೊಡಲು ಭಾನುವಾರ ನಂಜನಗೂಡಿಗೆ ಒಯ್ದಿದ್ದ. ನಂಜೇಶ್ ತಾನೇ ಓಡಿಸಿ ನೋಡುತ್ತೇನೆಂದು, ಬೋರಯ್ಯನನ್ನೂ ಕೂರಿಸಿಕೊಂಡು ತನ್ನ ಊರ ಕಡೆ ಹೊರಟ. ದಾರಿಯಲ್ಲಿ ಕಾರು ಕುದಿಯಿತು, ಮುಚ್ಚಳ ತೆಗೆದ ಬೋರಯ್ಯನ ಕೈ ಬೆಂದಿತು.

"ಅವ್ನು ನಕ್ಕ ಸಾ. ಇಷ್ಟೇ ತಾನೇ ಅಣ್ಣ, ಒಂದಿಡಿ ಅರಿಶ್ಣ ಉಯ್ದ್ರೆ ಆಯ್ತು, ನಿಮ್ಗೆ ಮಾರೋವಾಗ್ಲೂ ಅದ್ನೇ ಉಯ್ದಿದ್ದು ಅಂದ. ನನ್ ಮಗಳು ಸತ್ತಿದ್ದು ಅವ್ನ್ಗೆ ಗೊತ್ತಿತ್ತೋ ಇಲ್ವೋ ಕಾಣೆ. ಮುಚ್ಚಳಕ್ಕೆ ಬಡಿಯಾಕೆ ಅಂತ ತಗ್ದಿದ್ ಸ್ಪ್ಯಾನರ್ ಕೈಲಿತ್ತು. ಆಮೇಕೆ ನಿಲ್ಸಾಕೆ ಆಗ್ನಿಲ್ಲ."

ಗಂಗಾಧರಸ್ವಾಮಿ ಹೇಳಿಕೆಗೆ ಸಹಿ ಹಾಕಿಸಿಕೊಂಡ. ಮೈಸೂರಿನಿಂದ ಸುದ್ದಿ ಬಂದಿತ್ತು. ಮಂಟೇಸ್ವಾಮಿಯ ಜಜ್ಜಿದ ಕೈಯನ್ನು ಕತ್ತರಿಸಿ ತೆಗೆದಿದ್ದರು, ಜೀವಕ್ಕೆ ತೊಂದರೆ ಇರಲಿಲ್ಲ. ಅದನ್ನು ಲಾಕಪ್ಪಿನ ಬಳಿ ಹೋಗಿ ಹೇಳಿದಾಗ ಬೋರಯ್ಯ ಕಂಬಿ ಹಿಡಿದು ನಿಂತ.

"ಯಾವ್ ಗಾಡೀಲಿ ಕಳ್ಸುದ್ರಿ ಸಾ?"

"ಹಾಲಿನ ವ್ಯಾನು. ಅದೇ ಮೊದಲು ಬಂದದ್ದು."

"ಒಳ್ಳೇದ್ ಮಾಡುದ್ರಿ. ಬಂದ್ ಗಾಡಿಗೇ ಅತ್ತುಸ್ಬುಟ್ರಿ. ಸೇತ್ವೆ ತಾವ ಕಾರು ನಿಂತಾಗ ಒಂದ್ ಬಸ್ ಬಂತು ಸಾ. ಡ್ರೈವರು ತಾನಾಗೇ ನಿಲ್ಸಿ, ಬನ್ನಿ ಅತ್ತಿ ಅಂದ. ನಮ್ದೇ ಕಾರದೆ, ಈಗ್ ಸ್ಟಾರ್ಟಾಯ್ತದೆ ಅಂದ್ಬುಟ್ಟು, ನಾನೇ ಅದ್ನ ಕಳ್ಸ್ಬುಟ್ಟೆ."