ಯಂತ್ರ ಕೈಬಿಟ್ಟ ರಾತ್ರಿ

ಗದಗಿನ ಪ್ರಯೋಗಾಲಯದಲ್ಲಿ, ಅರಮನೆಯ ಚಿತ್ರ ಬರೆದ ಹಳೆಯ ರಂಗಪರದೆಯ ಮೇಲೆ ನೀಲಿ ಬೆಳಕೊಂದು ಮೆಲ್ಲಗೆ ಹರಿದಾಡುತ್ತಿತ್ತು. ಅದು ಡಾ. ಪದ್ಮಜಾ ಉಪಾಧ್ಯೆ ರೂಪಿಸಿದ ‘ನಾದಶೋಧಕ’. ರಂಗದ ಮೇಲಿನ ಮಾತು, ಹಾಡುಗಳ ಕಂಪನಗಳು ಪರದೆಯ ಬಣ್ಣದಲ್ಲಿ ಕಣ್ಣಿಗೆ ಕಾಣದ ಗೀರುಗಳಾಗಿ ಉಳಿಯುತ್ತವೆ. ಯಂತ್ರ ಆ ಗೀರುಗಳನ್ನು ಓದಿ, ಒಂದೇ ನಾಟಕದ ನೂರಾರು ಪ್ರದರ್ಶನಗಳನ್ನು ಒಂದಕ್ಕೊಂದು ಹೊಂದಿಸಿ, ಹಳೆಯ ಫೋಟೋಗಳಿಂದ ಮುಖ ತುಂಬಿ, ಇಡೀ ನಾಟಕವನ್ನೇ ಸಿನಿಮಾ ಮಾಡಿಬಿಡುತ್ತಿತ್ತು. ನಾಟಕ ಕಂಪನಿಗಳೆಲ್ಲ ಮುಚ್ಚಿಹೋಗಿದ್ದ ಆ ಕಾಲಕ್ಕೆ ಇದು ಪವಾಡವೇ ಸರಿ.

ಮೊದಲು ಆರಿಸಿಕೊಂಡದ್ದು ಈ ಪರದೆಯ ಮುಂದೆ ಆಡುತ್ತಿದ್ದ ‘ರಾಜಾ ಜಯಕೀರ್ತಿ’. ನಿರಪರಾಧಿ ಮಗನನ್ನು ತಾನೇ ಗಲ್ಲಿಗೇರಿಸಿದೆನೆಂದು ತಿಳಿದ ರಾಜ ವಿಷ ಕುಡಿದು ಸಾಯುವ ದುರಂತ ನಾಟಕ. ರಾಜನ ಪಾತ್ರ ಬಸಲಿಂಗಪ್ಪನದು, ರಾಣಿಯ ಪಾತ್ರ ಆತನ ಹೆಂಡತಿ ಚಂದ್ರವ್ವನದು. ಬಸಲಿಂಗಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು. ನಾಟಕದ ಹಕ್ಕು ಈಗ ಚಂದ್ರವ್ವನ ಕೈಯಲ್ಲಿತ್ತು.

“ಸಾಯೂ ಸೀನ್ ತೋರ್ಸು ತಂಗಿ. ಅದು ಇದ್ದದ್ದು ಇದ್ದಂಗ ಇರಲಿಲ್ಲಂದ್ರ ನಾ ಸಹಿ ಹಾಕೂದಿಲ್ಲ,” ಎಂದಳು ಆಕೆ.

ದೀಪ ಆರಿತು. ಬಸಲಿಂಗಪ್ಪನ ಅದೇ ದನಿ! ಮೇಲಿನ ಸ್ವರಕ್ಕೆ ಏರುವ ಮೊದಲು ಕೊಂಚ ಕೆಮ್ಮುವುದೂ ಹಾಗೆಯೇ ಇತ್ತು. ಚಂದ್ರವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ರಾಜ ಹಾಡಿದ, ತೂರಾಡಿದ, ಕುಸಿದು ಸತ್ತ.

ಕೂಡಲೇ ಸಿನಿಮಾದೊಳಗಿಂದ ಅಂದಿನ ಪ್ರೇಕ್ಷಕರ ಕೂಗು: “ವನ್ಸ್ ಮೋರ್! ವನ್ಸ್ ಮೋರ್!” ಸತ್ತ ರಾಜ ಎದ್ದು ಕಿರೀಟ ಸರಿಮಾಡಿಕೊಂಡ, ಮತ್ತೆ ಹಾಡಿದ, ಮತ್ತೆ ಸತ್ತ.

ಕಂಪನಿ ನಾಟಕದ ದಿನಗಳಲ್ಲಿ ನಮ್ಮ ಕಡೆ ಸತ್ತವನಿಗೂ ಬಿಡುವಿರಲಿಲ್ಲ. ಹಾಡು ಮನಸ್ಸಿಗೆ ಹಿಡಿಸಿದರೆ ಮಂದಿ ಅವನನ್ನು ಎಬ್ಬಿಸಿ, ಹಾಡಿಸಿ, ಮತ್ತೆ ಸಾಯಿಸುತ್ತಿದ್ದರು. ಅಂಥ ರಸಿಕರು ಈಗೆಲ್ಲಿ?

ಪದ್ಮಜಾಳ ಮುಖ ಸಣ್ಣದಾಯಿತು. “ತಪ್ಪಾತ್ರೀ ಅಜ್ಜಿ. ಪ್ರತಿ ಆಟದಾಗೂ ಹಿಂಗ ಎದ್ದಾರಲ್ಲ, ಇದೂ ನಾಟಕದಾಗ ಐತಿ ಅಂತ ಯಂತ್ರ ತಿಳಕೊಂಡೈತಿ. ಕತ್ತರಿಸಿ ಹಾಕ್ತೀನಿ.”

“ಪ್ರತಿ ಆಟದಾಗೂ ಎದ್ದಿಲ್ಲ ಯವ್ವಾ,” ಎಂದಳು ಚಂದ್ರವ್ವ. “ಲಕ್ಷ್ಮೇಶ್ವರದ ಕ್ಯಾಂಪಿನ್ಯಾಗ ಒಂದು ರಾತ್ರಿ ಏಳಲಿಲ್ಲ. ಮಂದಿ ಕೂಗೇ ಕೂಗಿದ್ರು. ನಾ ಅವರ ಎದಿಮ್ಯಾಲ ಬಿದ್ದು ಅಳೂ ಪಾತ್ರ ಮಾಡಾಕತ್ತಿದ್ದೆ. ‘ಏಳ್ರೀ, ಮಂದಿ ಕರ್ಯಾಕತ್ತಾರ’ ಅಂತ ಕಿವ್ಯಾಗ ಹೇಳಿದೆ. ಆಮ್ಯಾಲ ನೋಡ್ತೀನಿ, ಎದಿ ಬಡಿತಾನ ಇಲ್ಲ... ಆ ರಾತ್ರೀನೂ ಈ ಪರದೆಯೊಳಗ ಇರಬೇಕಲ್ಲ?”

ಪದ್ಮಜಾ ಯಂತ್ರದ ಗುಂಡಿಗಳನ್ನು ಒತ್ತಿ ಹುಡುಕಿದಳು.

“ಐತ್ರೀ. ಆದ್ರ ಸಿನಿಮಾದಾಗ ಸೇರಿಸಿಲ್ಲ. ಉಳಿದ ಆಟಕ್ಕ ಹೊಂದಲಾರದ್ದು ಒಂದೇ ಒಂದು ಇದ್ರ, ಅದನ್ನ ತಪ್ಪು ಅಂತ ಯಂತ್ರ ಬದಿಗೆ ಇಡತೈತಿ.”

ಚಂದ್ರವ್ವ ಬಿಕ್ಕಿಬಿಕ್ಕಿ ಅತ್ತಳು, ಅಳುತ್ತಲೇ ನಕ್ಕಳು.

“ಏನೂ ಕತ್ತರಿಸಬ್ಯಾಡ. ಆ ರಾತ್ರಿ ತಪ್ಪು ಅನ್ನೂದು ನಿನ್ನ ಯಂತ್ರಕ್ಕಾದ್ರೂ ತಿಳೀತಲ್ಲ, ಯವ್ವಾ. ಎಲ್ಲಿ ಸಹಿ ಹಾಕ್ಲಿ, ಹೇಳು.”