ಮ್ಯಾಟಿನ ಮೇಲೆ ಪಿಟಿ ಮಿಸ್

"ಏ ಪಟಾಕಿ, ನಿಮ್ಮಮ್ಮ ಮತ್ತೆ ಮಲಗಿದ್ರು ನೋಡೇ!"

ಗೆಳತಿಯೊಬ್ಬಳು ಕೂಗಿದ್ದಕ್ಕೆ ಇಡೀ ಮೈದಾನ ತಿರುಗಿ ನೋಡಿತು. ಪಿಟಿ ಮಿಸ್ ಹೈಜಂಪ್ ಮ್ಯಾಟಿನ ಮೇಲೆ ಅಂಗಾತ ಮಲಗಿ, ಆಕಾಶ ನೋಡುತ್ತಾ ಸೀಟಿ ಊದುತ್ತಿದ್ದರು. "ಇನ್ನೊಂದು ರೌಂಡ್ ಓಡಿ!" ಎಂದು ಮಲಗಿಕೊಂಡೇ ಕೂಗಿದರು. ಓಡುವವರಿಗೆ ನಗು ತಡೆಯಲಾಗಲಿಲ್ಲ.

ಬಾಯಿ ತೆರೆದರೆ ಪಟಪಟ ಸಿಡಿಯುತ್ತಾಳೆ ಅಂತಲೇ ಅವಳಿಗೆ ಪಟಾಕಿ ಎಂಬ ಹೆಸರು. ಸ್ವಂತ ಅಮ್ಮನೇ ಸ್ಕೂಲಿನ ಪಿಟಿ ಮಿಸ್. ಹೀಗೆ ಎಲ್ಲರೆದುರು ಮರ್ಯಾದೆ ತೆಗೆದರೆ ಏನು ಮಾಡುವುದು? ಅವಳು ಎಲ್ಲರಿಗಿಂತ ಜೋರಾಗಿ ನಕ್ಕುಬಿಟ್ಟಳು.

"ನಾಟಕ ಕಣ್ರೋ ಅದು! ನಿಂತ್ರೆ ತಲೆನೋವು, ಮಲಗಿದ್ರೆ ಮಾಯ!"

ಸೀಟಿಯ ಸದ್ದು ನಿಂತಿತು. ಅಮ್ಮ ಮೆಲ್ಲಗೆ ಎದ್ದಳು. ಬೆಲ್ ಹೊಡೆಯುವವರೆಗೂ ನಿಂತೇ ಆಟ ಆಡಿಸಿದಳು.

ಮಕ್ಕಳೆಲ್ಲ ಕ್ಲಾಸಿಗೆ ಓಡಿದ ಮೇಲೆ, ಮರೆತ ನೀರಿನ ಬಾಟಲಿಗಾಗಿ ಪಟಾಕಿ ವಾಪಸ್ ಬಂದಳು. ನಲ್ಲಿಯ ಹತ್ತಿರ ಅಮ್ಮ ಗೋಡೆ ಹಿಡಿದು ವಾಂತಿ ಮಾಡಿಕೊಳ್ಳುತ್ತಿದ್ದಳು. ಹತ್ತಿರ ಹೋಗಲು ಪಟಾಕಿಗೆ ಮುಖವಿರಲಿಲ್ಲ.

ಸಂಜೆ ಅಮ್ಮನ ಜೊತೆ ಅವಳೂ ನರಗಳ ಡಾಕ್ಟರ ಹತ್ತಿರ ಹೋದಳು. ಅಮ್ಮನ ತಲೆನೋವಿಗೆ ಮೊದಲು ನೋಡಿದ್ದ ಡಾಕ್ಟರೊಬ್ಬರು ಕನ್ನಡಕ ಹಾಕಿಸಿದ್ದರು, ಇನ್ನೊಬ್ಬರು ನಿದ್ದೆ ಸಾಲದು ಎಂದಿದ್ದರು.

"ಮಲಗಿದ್ರೆ ನೋವು ಕಡಿಮೆ ಆಗುತ್ತಾ?" ಡಾಕ್ಟರಮ್ಮ ಕೇಳಿದರು.

ಅಮ್ಮ ಮಗಳ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. "ಇಲ್ಲ ಮೇಡಂ. ಹಾಗೇನಿಲ್ಲ."

ಪಟಾಕಿ ತಲೆಯೆತ್ತಿ ಅಮ್ಮನನ್ನು ನೋಡಿದಳು. ಅಮ್ಮ ಸುಳ್ಳು ಹೇಳುತ್ತಿದ್ದಾಳೆ. ಅದೂ ತನ್ನಿಂದಾಗಿ.

"ಕಡಿಮೆ ಆಗುತ್ತೆ ಡಾಕ್ಟರ್. ನಿಂತ್ರೆ ತಲೆನೋವು, ಮಲಗಿದ್ರೆ... ಮಾಯ."

ಬೆಳಗ್ಗೆ ಎಲ್ಲರನ್ನೂ ನಗಿಸಿದ್ದ ಮಾತೇ ಅದು. ಈಗ ನಾಚಿಕೆಯಿಂದ ಅವಳು ನೆಲ ನೋಡಿದಳು.

ಡಾಕ್ಟರಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಟರು. "ನನಗೆ ಬೇಕಿದ್ದದ್ದೇ ಈ ಮಾತು ಪುಟ್ಟಿ. ನಮ್ಮ ಮಿದುಳು ನೀರಲ್ಲಿ ತೇಲ್ತಾ ಇರುತ್ತೆ. ಆ ನೀರು ಬೆನ್ನುಮೂಳೆ ಒಳಗೂ ಇರುತ್ತೆ. ಅಲ್ಲೆಲ್ಲೋ ತೂತಾಗಿ ಸೋರಿದ್ರೆ, ನಿಂತಾಗ ಮಿದುಳು ಕೆಳಕ್ಕೆ ಜಗ್ಗುತ್ತೆ. ತುಂಬಾ ನೋಯುತ್ತೆ. ಸ್ಕ್ಯಾನ್ ಮಾಡಿ ನೋಡೋಣ."

ಸ್ಕ್ಯಾನಿನಲ್ಲಿ ಸೋರಿಕೆ ಕಂಡಿತು. ಅಮ್ಮನ ಕೈಯಿಂದ ರಕ್ತ ತೆಗೆದು, ಅದನ್ನೇ ಅವಳ ಬೆನ್ನಿಗೆ ಚುಚ್ಚಿದರು.

"ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕಿದ ಹಾಗೆ," ಎಂದರು ಡಾಕ್ಟರಮ್ಮ. "ರಕ್ತ ಹೆಪ್ಪುಗಟ್ಟಿ ತೂತು ಮುಚ್ಚುತ್ತೆ. ಕೆಲವರಿಗೆ ಇನ್ನೊಂದು ಸಲ ಮಾಡ್ಬೇಕಾಗುತ್ತೆ. ಸದ್ಯಕ್ಕೆ ಅಮ್ಮ ಮಲಗಿರ್ಬೇಕು. ಬಗ್ಗೋ ಹಾಗಿಲ್ಲ, ಭಾರ ಎತ್ತೋ ಹಾಗಿಲ್ಲ."

ಅಮ್ಮ ಆಸ್ಪತ್ರೆಯಿಂದ ಬಂದ ಮರುದಿನ ಅದೇ ಗೆಳತಿ ಮನೆಗೆ ಬಂದಳು. ಬಾಗಿಲಲ್ಲೇ ನಿಂತು ಒಳಗೆ ಇಣುಕಿ ಕಿಸಕ್ಕೆಂದಳು. "ಅಯ್ಯೋ, ಮಿಸ್ ಇಲ್ಲೂ ಮಲಗೇ ಇದ್ದಾರಾ?"

ಅದು ಕೇಳಿಸಿ ಅಮ್ಮ ಗಡಿಬಿಡಿಯಲ್ಲಿ ಏಳಲು ಮೊಣಕೈ ಊರಿದಳು. ಪಟಾಕಿ ಓಡಿಬಂದು ಅವಳ ಭುಜ ಹಿಡಿದಳು. ಸಾರಿ ಕೇಳಬೇಕೆಂದು ರಾತ್ರಿಯಿಂದ ಜೋಡಿಸಿಟ್ಟಿದ್ದ ಮಾತೆಲ್ಲ ಮರೆತೇಹೋಯಿತು.

"ಏಳಬೇಡಮ್ಮ," ಎಂದಳು, ಗೆಳತಿಗೂ ಕೇಳಿಸುವ ಹಾಗೆ. "ಮಲಗೇ ಇರು."

ಅಮ್ಮ ಮತ್ತೆ ದಿಂಬಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಪಟಾಕಿ ಭುಜದ ಮೇಲಿನ ಕೈ ತೆಗೆಯಲಿಲ್ಲ.