ಗಾಡಿ ಕೆಳಗಿನ ಮನುಷ್ಯ

ಯಲಗೂರಪ್ಪನ ಬೆನ್ನಿಗೆ ಹದಿನೆಂಟು ವರ್ಷದಿಂದ ಗ್ಯಾರೇಜಿನ ನೆಲವೇ ಹಾಸಿಗೆ. ಕೊಲ್ಲಾಪುರದ ಉದ್ಯಮನಗರದಲ್ಲಿದ್ದ ಶಂಕರಲಿಂಗನ ಗ್ಯಾರೇಜಿಗೆ ಯುದ್ಧದ ಹರಾಜಿನಲ್ಲಿ ಕೊಂಡ ಜೀಪು, ಪಿಕಪ್ಪುಗಳು ಪೆಟ್ರೋಲ್ ಕುಡಿಯುತ್ತ ಬರುತ್ತಿದ್ದವು, ಡೀಜಲ್ ಕುಡಿಯುತ್ತ ಹೋಗುತ್ತಿದ್ದವು. ನಡುವಿನ ಕೆಲಸವೆಲ್ಲ ಯಲಗೂರಪ್ಪನದು. ಹಳೆಯ ಇಂಜಿನ್ ಇಳಿಸಬೇಕು. ಡೀಜಲ್ ಇಂಜಿನ್ನಿಗೆ ಒಗ್ಗುವಂತೆ ಚಾಸಿಗೆ ಹೊಸ ಕಾಲು ಬೆಸೆಯಬೇಕು. ಅದರ ಭಾರಕ್ಕೆ ಮೂಗು ಬೀಳದಂತೆ ಮುಂದಿನ ಪಾಟಾ ಸ್ಪ್ರಿಂಗಿಗೆ ಇನ್ನೆರಡು ಪಟ್ಟಿ ಸೇರಿಸಬೇಕು. ಮುಕ್ಕಾಲು ಪಾಲು ಕೆಲಸ ಮಲಗಿಕೊಂಡೇ ಆಗುವಂಥದ್ದು. ರಾತ್ರಿ ಬೆನ್ನಿಗೆ ಎಣ್ಣೆ ತಿಕ್ಕುವಾಗ ಹೆಂಡತಿ ದುರ್ಗವ್ವ, ಈ ಬೆನ್ನಿನ ಗುರುತು ತನಗಿಂತ ಆ ನೆಲಕ್ಕೇ ಹೆಚ್ಚು ಎಂದು ಆಡಿಕೊಳ್ಳುತ್ತಿದ್ದಳು.

ಐವತ್ತು ದಾಟಿದ ಮೇಲೆ ಪಂಪು, ನೋಝಲ್ ರಿಪೇರಿಯ ಮೇಜು ಕೊಡುತ್ತೇನೆ ಎಂದು ಶಂಕರಲಿಂಗ ಹೇಳಿದ್ದ. ಅದು ಸ್ಟೂಲಿನ ಮೇಲೆ ಕೂತು ಮಾಡುವ ಕೆಲಸ. ಅವನಿಗೆ ಐವತ್ತು ದಾಟಿದ ವರ್ಷ, ಸಾವಿರದ ಒಂಬೈನೂರ ಅರವತ್ತನಾಲ್ಕರ ಮಳೆಗಾಲದಲ್ಲಿ, ಆ ಸ್ಟೂಲಿನ ಮೇಲೆ ಶಂಕರಲಿಂಗನ ತಂಗಿಯ ಮಗ ಬಂದು ಕೂತ. ಹೇಳಿದ ಮೇಜು ಏನಾಯಿತೆಂದು ಯಲಗೂರಪ್ಪ ಕೇಳಿದ. ಶಂಕರಲಿಂಗ ಎಲೆ ಅಡಿಕೆ ಜಗಿಯುತ್ತ, ನಾಲ್ಕು ಜನ ಕೇಳುವಂತೆ ಹೇಳಿದ: "ನಿನ್ನ ಕೈ ಗಾಡಿ ಕೆಳಗ ಭಾಳ ಛಲೋ ಐತಿ ಯಲಗೂರಪ್ಪ. ಮ್ಯಾಲ ಕುಂತ್ರ ಕೆಟ್ಟ ಹೋಗ್ತೈತಿ."

ಜನ ನಕ್ಕರು. ಯಲಗೂರಪ್ಪನೂ ನಕ್ಕು ಗೋಣಿತಟ್ಟು ಹಾಸಿ ಮತ್ತೆ ಕೆಳಗೆ ಸರಿದ. ಅಲ್ಲಿ ಮಲಗಿ, ಮೇಲಿನ ಕಬ್ಬಿಣ ನೋಡುತ್ತ, ತನಗೆ ಬೇಕಾದದ್ದು ಒಂದೇ ಎಂದುಕೊಂಡ. ಗಾಡಿಯ ಕೆಳಗಿನಿಂದ ಎದ್ದು ಗಾಡಿಯ ಸೀಟಿನ ಮೇಲೆ ಕೂರಬೇಕು.

ಗಾಡಿ ಇತ್ತು. ಇಚಲಕರಂಜಿ ಹತ್ತಿರದ ಕೊರೋಚಿಯಲ್ಲಿ ಅವನ ಭಾವಮೈದುನ ಭರಮಪ್ಪ ಮಗ್ಗದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ಅವನ ಮನೆಯ ಹಿಂದೆ ಯಲಗೂರಪ್ಪನ ಜೀಪು ಎರಡು ವರ್ಷದಿಂದ ಇಂಜಿನ್ ಇಲ್ಲದೆ ನಿಂತಿತ್ತು, ಬಾನೆಟ್ಟಿನೊಳಗೆ ಕೋಳಿ ಮೊಟ್ಟೆ ಇಡುತ್ತಿದ್ದವು. ಅದಕ್ಕೆಂದು ಅವನು ಒಂದು ಇಂಜಿನ್ನನ್ನೂ ಕೊಂಡಿದ್ದ. ಆಂಬೋಲಿ ಘಾಟಿನಲ್ಲಿ ಬಿದ್ದ ಲಾರಿಯದು, ನಾಲ್ಕು ಸಿಲಿಂಡರಿನ ಡೀಜಲ್. ಗ್ಯಾರೇಜಿನ ಮೂಲೆಯಲ್ಲಿ ತಾಡಪತ್ರಿ ಹೊದ್ದು ಕೂತಿತ್ತು. ಬಿಚ್ಚಿ ನೋಡಿದಾಗ ಅವನಿಗೆ ಗೊತ್ತಾಯಿತು, ಅದರ ಶಾಫ್ಟನ್ನು ಹಿಂದಿನವರು ಮೂರು ಸಲ ಅರೆದಿದ್ದಾರೆ, ಇನ್ನು ಅರೆಯಲು ಲೋಹವಿಲ್ಲ. ಎಷ್ಟು ಚೆನ್ನಾಗಿ ಕಟ್ಟಿದರೂ ಎರಡು ವರ್ಷ. ಎರಡು ವರ್ಷದ ಇಂಜಿನ್ ನಂಬಿ ಹದಿನೆಂಟು ವರ್ಷದ ಕೆಲಸ ಬಿಡುವುದು ಹೇಗೆ?

ಗಣಪತಿ ಹಬ್ಬಕ್ಕೆ ಮೂರು ವಾರ ಇರುವಾಗ ಸುಶೀಲಾಬಾಯಿಯ ಪಿಕಪ್ಪು ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು. ಆಜರಾದಲ್ಲಿ ಗಂಡ ಬಿಟ್ಟುಹೋದ ಭತ್ತದ ಗಿರಣಿಯನ್ನು ಅವಳೇ ನಡೆಸುತ್ತಿದ್ದಳು. ಅವಳ ಡ್ರೈವರ್ ಪಾಂಡು ಮಾತಿನ ಮನುಷ್ಯನಲ್ಲ. ಎಲ್ಲ ಮಾತೂ ಅವಳದೇ.

"ಕ್ಲಚ್ ಜಾರತೈತ್ರಿ ಮಿಸ್ತ್ರಿ. ಒಂದ ಚಢಾವ ಏರವಲ್ದು," ಎಂದಳು. "ಇಂಜಿನ್ ಹೊಸಾದ, ವರ್ಷ ತುಂಬಿಲ್ಲ. ಅದಕ್ಕೇನೂ ಮಾಡಬ್ಯಾಡ್ರಿ."

ಪಾಂಡು ಸ್ಟಾರ್ಟ್ ಮಾಡಿ ತೋರಿಸಿದ. ಅರ್ಧ ಸುತ್ತಿನಲ್ಲೇ ಹತ್ತಿಕೊಂಡಿತು. ಹೊಗೆ ಇಲ್ಲ, ಬಡಿತ ಇಲ್ಲ. ಯಲಗೂರಪ್ಪ ಅಂಗೈಯನ್ನು ಇಂಜಿನ್ ಮೇಲಿಟ್ಟು ನಿಂತ. ಅದೇ ಕಂಪನಿ, ಅದೇ ಅಳತೆ. ತಾಡಪತ್ರಿಯ ಕೆಳಗಿರುವ ಮುದುಕನ ಮೊಮ್ಮಗನಂತಿತ್ತು.

ಸುಶೀಲಾಬಾಯಿ ಚಹಾ ಕುಡಿಯುತ್ತ ಮೂಲೆಯ ಕಡೆ ನೋಡಿ, ಅದು ಆಂಬೋಲಿಯಲ್ಲಿ ಬಿದ್ದ ಲಾರಿಯದಲ್ಲವೇ, ಕೊಲ್ಲಾಪುರದ ಮಿಸ್ತ್ರಿಯೊಬ್ಬರು ಒಯ್ದರು ಅಂತ ನಮ್ಮೂರಲ್ಲಿ ಅಂದರು ಎಂದಳು. ಅವನು ಗುಜರಿ ಅಂದ. ಅವಳು ತಲೆಯಾಡಿಸಿದಳು.

"ನನಗೇನ ಗಡಿಬಿಡಿ ಇಲ್ರಿ. ಭತ್ತ ಬರಾಕ ಇನ್ನೂ ಟೈಮ ಐತಿ. ಗಣಪತಿ ಕಳಿಸಿ ಬರ್ತೇನಿ. ಆರಾಮ ಮಾಡ್ರಿ."

ಆ ಆರಾಮವೇ ಅವನ ತಲೆ ಹೊಕ್ಕಿತು.

ಯೋಚನೆ ಎರಡು ದಿನದಲ್ಲಿ ತಾನಾಗಿಯೇ ಕೂಡಿಕೊಂಡಿತು, ಒಳ್ಳೆಯ ಗೇರಿನ ಹಲ್ಲುಗಳಂತೆ. ಆ ಪಿಕಪ್ಪಿಗೆ ಡೀಜಲ್ ಕೂರಿಸಿದವನು ಗೇರ್‌ಬಾಕ್ಸಿನ ಹಿಂದೆ ಒಂದು ಅಡ್ಡಪಟ್ಟಿ ಬೆಸೆದುಬಿಟ್ಟಿದ್ದ. ಹಾಗಾಗಿ ಗೇರ್‌ಬಾಕ್ಸು ಕೆಳಗಿಳಿಯದು, ಕ್ಲಚ್ ಬದಲಿಸಬೇಕಾದರೆ ಇಂಜಿನ್ನನ್ನೇ ಎತ್ತಬೇಕು. ಇಂಜಿನ್ ಹೊರಗೆ ಬಂದರೆ ಯಾರೂ ಏಕೆ ಎಂದು ಕೇಳರು. ಮೂಲೆಯಲ್ಲಿ ತನ್ನ ಗುಜರಿ ಇದೆ ಎಂಬುದು ಶಂಕರಲಿಂಗನಿಗೂ ಗೊತ್ತು, ಅದರ ಚೀಟಿ ಯಲಗೂರಪ್ಪನ ಹೆಸರಿನಲ್ಲೇ ಇದೆ. ಎರಡು ಇಂಜಿನ್ ನೆಲದ ಮೇಲಿದ್ದಾಗ ಒಂದು ಮೇಲೇರುತ್ತದೆ, ಇನ್ನೊಂದು ತಾಡಪತ್ರಿಯ ಕೆಳಗೆ ಹೋಗುತ್ತದೆ. ಕದ್ದ ಮಾಲು ಹಗಲಿನಲ್ಲೇ, ಮಾಲೀಕನ ಕಣ್ಣೆದುರೇ, ಬಾಗಿಲಿನಿಂದಲೇ ಹೋಗುತ್ತದೆ. ಕಳವು ಆಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಿಲ್ಲದ ಕಳವನ್ನು ಯಾವ ಪೊಲೀಸ ಹುಡುಕುತ್ತಾನೆ?

ಒಂದೇ ಅಂಜಿಕೆ. ತಾಡಪತ್ರಿಯ ಕೆಳಗಿನ ಮುದುಕ ಪಿಕಪ್ಪಿನಲ್ಲಿ ಬೇಗ ಸತ್ತರೆ ಅವಳು ಬೇರೆ ಮಿಸ್ತ್ರಿಯ ಬಳಿ ಬಿಚ್ಚಿಸುತ್ತಾಳೆ. ಆದ್ದರಿಂದ ಅವನು ಸಾಯಬಾರದು.

ಯಲಗೂರಪ್ಪ ಆ ಇಂಜಿನ್ನನ್ನು ತನ್ನ ಜೀಪಿಗೆಂದು ಎಲ್ಲರಿಗೂ ಹೇಳಿ, ದಿನವೂ ಕೆಲಸ ಮುಗಿದ ಮೇಲೆ ಒಂದು ತಾಸು ಕೂತು ಕಟ್ಟಿದ. ತನಗಾಗಿದ್ದರೆ ಹಳೆಯ ಬೇರಿಂಗಿನಲ್ಲೇ ನಡೆಸುತ್ತಿದ್ದ, ಕಳವಿಗೆಂದು ಹೊಸವು ಹಾಕಿದ. ಹೊಸ ರಿಂಗು ಹಾಕಿದ. ವಾಲ್ವುಗಳನ್ನು ಅಂಗೈಯಲ್ಲಿ ಕೋಲು ತಿರುಗಿಸಿ ತಿರುಗಿಸಿ ಅರೆದ, ಸೀಮೆಎಣ್ಣೆ ಹೊಯ್ದರೆ ಒಂದು ಹನಿ ಇಳಿಯದಂತೆ. ಆ ಶಾಫ್ಟನ್ನು ಅವನು ಕೂದಲಿನಷ್ಟು ತೆಳುವಾದ ಹಿತ್ತಾಳೆ ತಗಡು ಕೊಟ್ಟು ಕೂರಿಸಿದ ರೀತಿಗೆ ಅವನಿಗೇ ಸಂಕಟವಾಯಿತು. ಇಂಥ ಕೆಲಸ ಅವನು ಹತ್ತು ವರ್ಷದಲ್ಲಿ ಮಾಡಿರಲಿಲ್ಲ. ನೋಡುವವರು ಯಾರೂ ಇರಲಿಲ್ಲ, ಇರಲೂಬಾರದಿತ್ತು.

ಸುಶೀಲಾಬಾಯಿಯ ಇಂಜಿನ್ನನ್ನು ಮಾತ್ರ ಅವನು ಬಿಚ್ಚಲಿಲ್ಲ. ಚಾಲೂ ಇಂಜಿನ್ನಿನ ನಟ್ಟಿಗೆ ಪಾನಾ ಹಚ್ಚಬಾರದು ಎಂದು ಅವನ ಉಸ್ತಾದ ಕಲಿಸಿದ್ದ. ನಡೆಯುವುದನ್ನು ತೆರೆದರೆ ಅದರ ಮುನಿಸು ಹೊರಗೆ ಬರುತ್ತದೆ. ಅವನು ಅದನ್ನು ಬರೀ ನೋಡಿದ. ಚಿತ್ರ ಬರೆಯುವವನು ಮುಖ ನೋಡುವಂತೆ, ಮೂರು ದಿನ ನೋಡಿದ. ಬಣ್ಣ ಎಲ್ಲಿ ಹಾರಿದೆ, ಯಾವ ಬೋಲ್ಟಿನ ತಲೆ ಸವೆದಿದೆ, ಎಣ್ಣೆ ಎಲ್ಲಿ ಬೆವರಿದೆ. ಆಜರಾದ ಕೆಂಪು ಮಣ್ಣು ಎಲ್ಲೆಲ್ಲಿ ಎಷ್ಟು ಹತ್ತಿದೆ: ಎಣ್ಣೆ ತೊಟ್ಟಿಯ ತಳಕ್ಕೆ ಬೆರಳು ದಪ್ಪ, ಮುಂದಿನ ಕಾಲಿಗೆ ಅರ್ಧ ಬೆರಳು, ಎಡಮಗ್ಗುಲಲ್ಲಿ ಹೆಡ್ಡಿನ ಕೆಳಗೆ ಗೇಣುದ್ದದ ಒಂದು ಪಟ್ಟಿ, ಪಂಪಿನ ಹಿಂದೆ ಬರೀ ಧೂಳು. ಪಿಕಪ್ಪಿನ ಗಾಲಿಯ ಮರೆಯಿಂದ ಅದೇ ಮಣ್ಣು ಕೆರೆದು, ಡೀಜಲ್‌ನಲ್ಲಿ ಕಲಸಿ, ಮುದುಕನಿಗೆ ಅದೇ ಅದೇ ಜಾಗದಲ್ಲಿ ಅಷ್ಟಷ್ಟೇ ಹಚ್ಚಿದ. ಬಿಸಿಲಿಗೆ ಒಣಗಿಸಿದ. ಆಮೇಲೆ ಎರಡರ ನಂಬರು ಅರದಿಂದ ತಿಕ್ಕಿ, ಇದರದು ಅದಕ್ಕೆ, ಅದರದು ಇದಕ್ಕೆ ಗುದ್ದಿದ. ಗುದ್ದಿದ ಹೊಳಪು ಹೋಗಲೆಂದು ಉಪ್ಪುನೀರು ಸವರಿದ.

ವಾರದ ರಜೆಯ ದಿನ ಮಧ್ಯಾಹ್ನ, ಶಂಕರಲಿಂಗ ಊಟ ಮಾಡಿ ಮಲಗಿರುವ ಹೊತ್ತಿಗೆ, ಮುದುಕ ಚೈನ್ ಕಪ್ಪಿಯಲ್ಲಿ ತೂಗುತ್ತ ಪಿಕಪ್ಪಿನೊಳಗೆ ಇಳಿದ. ಹೊಸ ಕ್ಲಚ್ ಹಿಡಿಯಿತು. ಮಾರನೆಯ ದಿನ ಮೂಲೆಯ ಇಂಜಿನ್ ತಾಡಪತ್ರಿ ಸಮೇತ ಎತ್ತಿನ ಬಂಡಿ ಏರಿ ಕೊರೋಚಿಗೆ ಹೊರಟಿತು. ತೊಳೆಯಬೇಕು ಅನ್ನಿಸಿತ್ತು ಅವನಿಗೆ, ಕೈ ತಡೆದ. ತೊಳೆದ ಇಂಜಿನ್ ಕಣ್ಣಿಗೆ ಬೀಳುತ್ತದೆ, ಕೊಳೆಯಾದದ್ದನ್ನು ಯಾರೂ ನೋಡುವುದಿಲ್ಲ. ಬಂಡಿಯ ಮೇಲೆ ಎತ್ತುವಾಗ ಶಂಕರಲಿಂಗನೇ ಒಂದು ಕಡೆ ಹಿಡಿದ. ಅದು ಯಲಗೂರಪ್ಪನಿಗೆ ಎಲ್ಲಕ್ಕಿಂತ ಹಿತವಾಗಿತ್ತು.

ಗಣಪತಿ ಕಳಿಸಿದ ಮೂರನೆಯ ದಿನ ಸುಶೀಲಾಬಾಯಿ ಬಂದಳು. ಪಾಂಡು ಉದ್ಯಮನಗರದ ಚಢಾವಿನಲ್ಲಿ ಎರಡು ಸಲ ಏರಿಸಿ ಇಳಿಸಿ ಬಂದು, ಮೊದಲ ಸಲ ನಕ್ಕ. ಯಲಗೂರಪ್ಪ ಸುಶೀಲಾಬಾಯಿಯ ಮುಖ ನೋಡಿದ. ಆದರೆ ಅವಳು ದೂರಲಿಲ್ಲ. ಬಾನೆಟ್ ಎತ್ತಿಸಿ ಒಳಗೆ ಇಣುಕಿ, ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, ಸಾವಕಾಶ ಹೇಳಿದಳು:

"ನಿಮ್ಮ ಕೈ ಅಂದ್ರ ಕೈರಿ ಮಿಸ್ತ್ರಿ. ಹೊಸಾ ಜೀವ ಬಂದಂಗ ಆತು."

ಮಜೂರಿಯ ಜೊತೆಗೆ ಎರಡು ಸೇರು ಗೋಡಂಬಿ ಕೊಟ್ಟು ಹೋದಳು. ಗೋಡಂಬಿ ತಿನ್ನುತ್ತ ಅವನಿಗೆ ಅವಳ ಬಗ್ಗೆ ಸ್ವಲ್ಪ ಮರುಕವೂ ಆಯಿತು. ಒಳ್ಳೆಯ ಹೆಂಗಸು. ಎರಡು ವರ್ಷ ನಡೆಯುತ್ತದಲ್ಲ, ಆಗಲಿ.

ಕೊರೋಚಿಯಲ್ಲಿ ಇಂಜಿನ್ ಕೂರಿಸಲು ನಾಲ್ಕು ಭಾನುವಾರ ಹಿಡಿಯಿತು. ಸುತ್ತಲೂ ಮಗ್ಗಗಳು. ಕಟಕಟ ಸದ್ದಿನಲ್ಲಿ ಗಂಡಹೆಂಡತಿ ಜಗಳವೂ ಪಕ್ಕದ ಮನೆಗೆ ಕೇಳುತ್ತಿರಲಿಲ್ಲ. ಇಂಜಿನ್ನಿನ ಸದ್ದು ಯಾರ ಕಿವಿಗೂ ಬೀಳಬಾರದೆಂದೇ ಅವನು ಈ ಜಾಗ ಆರಿಸಿದ್ದ. ಸ್ಟಾರ್ಟ್ ಮಾಡಿ, ಹತ್ತು ನಿಮಿಷ ನಡೆಸಿ, ಬಂದ್ ಮಾಡಿದ. ನಡುಕ ಕೈಗೆ ಹಿತವಾಗಿತ್ತು, ಸದ್ದು ಅವನಿಗೂ ಕೇಳಲಿಲ್ಲ.

ಗಡಹಿಂಗ್ಲಜದ ಇಬ್ಬರು ಅಡತಿ ವ್ಯಾಪಾರಿಗಳಿಗೆ ಕೊಲ್ಲಾಪುರದಿಂದ ಸಾಮಾನು ತಂದುಕೊಡುವ, ಅಲ್ಲಿಂದ ಬೆಲ್ಲ, ಮೆಣಸಿನಕಾಯಿ ತರುವ ಮಾತಾಯಿತು. ಗಡಹಿಂಗ್ಲಜದ ಮುಂದಿನ ಆಜರಾದ ಹಾದಿ ಹಿಡಿಯುವುದಿಲ್ಲ ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡ. ದುರ್ಗವ್ವ ಪಾತ್ರೆಪಗಡೆ ಕಟ್ಟಿ ಗಡಹಿಂಗ್ಲಜದಲ್ಲಿ ಒಂದು ಬಾಡಿಗೆ ಖೋಲಿ ಹಿಡಿದಳು. ಗ್ಯಾರೇಜು ಬಿಡುವ ದಿನ ಯಲಗೂರಪ್ಪ ಪಾನಾಗಳನ್ನೆಲ್ಲ ಎಣ್ಣೆಬಟ್ಟೆಯಲ್ಲಿ ಒರೆಸಿ, ಅರ್ಧಕ್ಕರ್ಧ ಹುಡುಗರಿಗೆ ಹಂಚಿಬಿಟ್ಟ. ಶಂಕರಲಿಂಗ ತಡೆಯಲಿಲ್ಲ, ಹಾರೈಸಲೂ ಇಲ್ಲ. "ಕೆಳಗಿನ ಜಾಗಾ ಖಾಲಿ ಇಡಂಗಿಲ್ಲ ನೋಡಪಾ. ಬ್ಯಾರೇದಾಂವ ಬರ್ತಾನ," ಎಂದ.

"ಬರಲಿ ತಗೋರಿ," ಎಂದ ಯಲಗೂರಪ್ಪ. "ಅವಗೂ ಬೆನ್ನ ಇರತೈತಿ."

ಮೊದಲ ಹೇರು, ಹನ್ನೆರಡು ಚೀಲ. ಕಾಗಲ ದಾಟಿತು, ನಿಪ್ಪಾಣಿ ದಾಟಿತು. ಸಪಾಟು ರಸ್ತೆಯಲ್ಲಿ ಜೀಪು ಎಣ್ಣೆ ಹಚ್ಚಿದಂತೆ ಓಡಿತು. ಸೀಟಿನ ಮೇಲೆ ಕೂತ ಯಲಗೂರಪ್ಪ ಬೆನ್ನನ್ನು ಹಿಂದಕ್ಕೆ ಒರಗಿಸಿ, ಒರಗಿದ ಬೆನ್ನು ನೋಯುತ್ತಿಲ್ಲ ಎಂಬುದನ್ನು ಮೈಲಿಗೊಮ್ಮೆ ಪರೀಕ್ಷಿಸಿ ನೋಡುತ್ತಿದ್ದ. ತವಂದಿ ಘಾಟಿನ ಬುಡದಲ್ಲಿ ಗೇರು ಇಳಿಸಿದ. ಈ ಇಂಜಿನ್ ಅವನ ಕೈಯಲ್ಲಿ ಹೇರು ಹೊತ್ತು ಚಢಾವು ಏರುತ್ತಿದ್ದುದು ಅದೇ ಮೊದಲು.

ಎರಡನೆಯ ತಿರುವಿನಲ್ಲಿ ಬಾನೆಟ್ಟಿನ ಸಂದಿಯಿಂದ ಬಿಳಿ ಆವಿ ಎದ್ದಿತು. ಮೂರನೆಯದರಲ್ಲಿ ಇಂಜಿನ್ ನರಳಿ, ಕೆಮ್ಮಿ, ನಿಂತಿತು. ಯಲಗೂರಪ್ಪ ಗಾಲಿಗೆ ಕಲ್ಲು ಕೊಟ್ಟು ನಿಂತಿರುವಾಗ ಕೆಳಗಿನಿಂದ ಒಂದು ಡೀಜಲ್ ಸದ್ದು ಏರಿ ಬಂತು. ತುಂಬಿದ ಹೇರಿನ ಸದ್ದು, ಆದರೂ ಒಂದೇ ಸಮ, ಎಲ್ಲೂ ತಪ್ಪದ ಸದ್ದು. ಗಾಡಿ ಕಾಣುವ ಮೊದಲೇ ಅವನಿಗೆ ತನ್ನ ಕೈಕೆಲಸದ ಗುರುತು ಹತ್ತಿತು.

ಪಿಕಪ್ಪು ನಿಂತಿತು. ಸುಶೀಲಾಬಾಯಿ ಅವನನ್ನೂ, ಅವನ ಜೀಪನ್ನೂ, ಏಳುತ್ತಿರುವ ಆವಿಯನ್ನೂ ನೋಡಿದಳು. ಅವಳ ಮುಖದಲ್ಲಿ ನಗೆಯೇನೂ ಇರಲಿಲ್ಲ. ಪಾಂಡುವಿಗೆ ನೀರಿನ ಡಬ್ಬಿ ಇಳಿಸಲು ಹೇಳಿದಳು. ಎಷ್ಟೆಂದು ಕೇಳದೆಯೇ ಪಾಂಡು ಎರಡು ಇಳಿಸಿದ.

"ಇಟಗೊಳ್ರಿ ಮಿಸ್ತ್ರಿ," ಎಂದಳು. "ಇಲ್ಲಿಂದ ಮ್ಯಾಲ ಹೋಗಾಕ ಎರಡ ಬೇಕಾಗ್ತಾವ. ನಮಗ ಈಗ ಬೇಕಾಗೂದಿಲ್ಲ."

ಪಿಕಪ್ಪು ಮೇಲಕ್ಕೆ ಹೊರಟುಹೋಯಿತು. ಯಲಗೂರಪ್ಪ ಬಾನೆಟ್ ಎತ್ತಿದ. ಎಡಮಗ್ಗುಲಲ್ಲಿ ಹೆಡ್ಡಿನ ಕೆಳಗಿದ್ದ ಗೇಣುದ್ದದ ಕೆಂಪು ಪಟ್ಟಿ ಬಿಸಿನೀರಿಗೆ ನೆನೆದು ಜಾರಿ ಬಿದ್ದಿತ್ತು. ಅದರಡಿಯಲ್ಲಿ ಬ್ಲಾಕು ಸೀಳಿದ ಗೆರೆ, ಕಾದ ಇಂಜಿನ್ನಿಗೆ ಯಾರೋ ತಣ್ಣೀರು ಹೊಯ್ದಾಗ ಬೀಳುವಂಥದ್ದು. ಗೆರೆಯುದ್ದಕ್ಕೂ ಸೀಳು ಮುಚ್ಚಲೆಂದು ಒತ್ತಾಗಿ ಬಡಿದ ತಾಮ್ರದ ಮೊಳೆಗಳು, ಮೊಳೆಗಳ ನಡುವಿನಿಂದ ಹನಿಯುತ್ತಿರುವ ನೀರು. ಅವನು ಡಬ್ಬಿಯ ಮೇಲೆ ಕೂತ. ಆ ಪಿಕಪ್ಪಿನ ಇಂಜಿನ್ನಿಗೆ ಮಣ್ಣು ಸಿಡಿಯದಂತೆ ಎರಡೂ ಮಗ್ಗುಲು ತಗಡಿನ ಮರೆ ಇತ್ತು. ಅಂಥ ಮರೆ ಅವನೇ ನೂರು ಗಾಡಿಗೆ ಕೂರಿಸಿದ್ದ. ಗಾಲಿಯ ಮಣ್ಣು ತೊಟ್ಟಿಯ ತಳಕ್ಕೆ ಹತ್ತುತ್ತದೆ, ಕಾಲಿಗೆ ಹತ್ತುತ್ತದೆ, ಮೇಲೆ ಹೆಡ್ಡಿನ ತನಕ ಏರುವುದಿಲ್ಲ. ಮೂರು ದಿನ ನೋಡಿ, ಬೆರಳಿನಲ್ಲಿ ಅಳೆದು, ಆ ಪಟ್ಟಿಯನ್ನು ತಾನೇ ಇನ್ನೊಂದರ ಮೇಲೆ ಅಚ್ಚುಕಟ್ಟಾಗಿ ಬಳಿದಿದ್ದ. ಆಜರಾದಲ್ಲೇ ಮನುಷ್ಯನ ಕೈ ಹಚ್ಚದ ಹೊರತು ಅಲ್ಲಿಗೆ ಮಣ್ಣು ಬರುವ ದಾರಿಯೇ ಇರಲಿಲ್ಲ.